ಥಂಡಿ ದಿನದ ಫಜೀತಿ, ಬಯಸದೆ ಬಂದ ಹಕ್ಕಿ

(ನಿರ್ಣಾ ಗ್ರಾಮದ ಸಹಕಾರ ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸದಸ್ಯರ ಪರವಾಗಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿ ಹಬ್ಬ ಅಂದ ಮ್ಯಾಲೆ ಷೇರು ಬಂಡವಾಳ ಎಷ್ಟಾಯಿತು, ಸಾಲ ಎಷ್ಟು ಕೊಟ್ಟೆವು, ವಸೂಲಿ ಎಷ್ಟಾಯಿತು ಎಂಬ ಲೆಕ್ಕ ಬರಲೇಬೇಕು. ಆ ಲೆಕ್ಕವನ್ನು ಕಾರ್ಯದರ್ಶಿಗಳು ಒಪ್ಪಿಸುತ್ತಾರೆ. ನಮಗೆ ಒಪ್ಪಿಸಿದ ವಿಷಯ ಬೇರೆ. ಚಳಿಗಾಲದಾಗ ಹೊಲದಾಗ ಆಗುವ ಫಜೀತಿಗಳು ಮತ್ತು ಆ ಹೊತ್ತಿನ್ಯಾಗ ಅಕಸ್ಮಾತ್ ಕಣ್ಣಿಗೆ ಬೀಳುವ ಹಕ್ಕಿಗಳು. ಇದನ್ನು ಕೇಳಿ ಕೆಲವರು ನಕ್ಕರು. "ಸಂಘಕ್ಕೂ ಹಕ್ಕಿಗೂ ಏನ್ರೀ ಸಂಬಂಧ?" ಎಂದರು. ಸಂಬಂಧ ಅದ. ಅದನ್ನು ಹೇಳಲಿಕ್ಕೇ ನಾವು ಇಲ್ಲಿ ನಿಂತಿದ್ದೇವೆ.

ನಮ್ಮ ಬೀದರ ಜಿಲ್ಲೆ ಕರ್ನಾಟಕದ ತಲೆಯ ಮೇಲಿನ ಕಿರೀಟ ಎಂದು ಭಾಷಣಕಾರರು ಹೇಳುತ್ತಾರೆ. ಕಿರೀಟಕ್ಕೆ ಗಾಳಿ ಹೆಚ್ಚು ಬಡಿಯುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ! ಸಮುದ್ರ ಮಟ್ಟದಿಂದ 2000 ಅಡಿಗೂ ಮೇಲಿರುವ ಈ ಬಯಲುನಾಡಿನಲ್ಲಿ ದೀಪಾವಳಿ ಮುಗಿದರೆ ಥಂಡಿ ಶುರು. ಡಿಸೆಂಬರ್, ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿ ಬಂದರೆ ಅದರಲ್ಲಿ ಬೀದರದ ಹೆಸರು ಎಷ್ಟೋ ಸಲ ಇರುತ್ತದೆ. ಪೇಟೆಯವರಿಗೆ ಇದು ಸ್ವೆಟರಿನ ಕಾಲ. ನಮಗೆ ಮಾತ್ರ ಹೊಲ ಬಿಟ್ಟು ಬರಲಾಗದ ಕಾಲ. ತೊಗರಿ ಕೊಯ್ಲು ಇದೇ ಹೊತ್ತಿಗೆ, ಕಡಲಿಗೆ ಕಾಯಿಕೊರಕ ಬೀಳುವುದು ಇದೇ ಹೊತ್ತಿಗೆ, ಬಿಳಿಜೋಳ ಹಾಲು ತುಂಬುವುದು ಇದೇ ಹೊತ್ತಿಗೆ, ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸುವುದೂ ಇದೇ ಹೊತ್ತಿಗೆ. ಹೀಗಾಗಿ ಮೈ ನಡುಗಿದರೂ ಕಾಲು ಹೊಲದ ಕಡೆಗೇ ಹೋಗಬೇಕು.

ಮೊದಲು ನೀರಿನ ಮಾತು. ಪಂಪಸೆಟ್ಟಿಗೆ ಮೂರು ಫೇಸಿನ ಕರೆಂಟು ಪಾಳಿಯ ಪ್ರಕಾರ ಬರುತ್ತದೆ. ಪಾಳಿ ರಾತ್ರಿಯದಾದರೆ ರಾತ್ರಿಯೇ ನೀರು ಹಾಯಿಸಬೇಕು. ಕಂಬಳಿ ಹೊದ್ದು, ಒಂದು ಕೈಯಾಗ ಬ್ಯಾಟರಿ, ಒಂದು ಕೈಯಾಗ ಸಲಿಕಿ ಹಿಡಿದು ಹೋದವರಿಗೆ ಗೊತ್ತು, ಕಾಲು ಕೆಸರಿನ್ಯಾಗ ಇಟ್ಟ ಕೂಡಲೇ ತಲಿತನಕ ಥಂಡಿ ಏರತದ. ನಮ್ಮ ಸದಸ್ಯರೊಬ್ಬರು ಹೀಗೆ ಒಂದು ರಾತ್ರಿ ಮೋಟರು ಚಾಲು ಮಾಡಲು ಹೋಗಿ, ಕಟ್ಟೆ ಇಲ್ಲದ ಬಾವಿಯ ಅಂಚಿನ ಮಣ್ಣು ಕುಸಿದು ಒಳಗೆ ಬಿದ್ದರು. ದೇವರ ದಯೆ, ಪೈಪು ಕೈಗೆ ಸಿಕ್ಕಿತು. ಕೂಗಿದರೆ ದನಿ ಬಾವಿಯೊಳಗೇ ಸುತ್ತುತ್ತಿತ್ತು, ಮೇಲಕ್ಕೆ ಬರುತ್ತಿರಲಿಲ್ಲ. ಆದರೆ ಬಾವಿಯ ಹತ್ತಿರದ ಬೀಳು ಜಾಗದಲ್ಲಿದ್ದ ಟಿಟ್ಟಿಭ ಹಕ್ಕಿಗಳ ಜೋಡಿ ಎದ್ದು ಹಾರಿ, ಸುತ್ತ ತಿರುಗಿ ತಿರುಗಿ ಒಂದೇ ಸವನೆ ಕೂಗಲಾರಂಭಿಸಿತು. ನಮ್ಮ ಕಡೆ ಮರಾಠಿ ಬಲ್ಲವರು ಅದಕ್ಕೆ ಟಿಟವಿ ಅಂತಾರ. ಮಗ್ಗುಲ ಹೊಲದವರು, ಯಾರೋ ಕಳ್ಳರು ಮೋಟರಿನ ಕೇಬಲ್ ಕೊಯ್ಯಲು ಬಂದಿದ್ದಾರೆಂದು ಬಡಿಗಿ ಹಿಡಿದು ಓಡಿ ಬಂದರು. ಬಂದು ನೋಡಿದರೆ ಕಳ್ಳರಿಲ್ಲ, ಬಾವಿಯೊಳಗೆ ನಮ್ಮವರೇ ಇದ್ದಾರೆ! ಹಗ್ಗ ಬಿಟ್ಟು ಮೇಲೆಳೆದರು. ಆಮೇಲೆ ಬೆಂಕಿ ಹಾಕಿ, ಚಹಾ ಕುಡಿಸಿ, ಎಲ್ಲರೂ ನಕ್ಕಿದ್ದಾಯಿತು. ಆದರೆ ಆ ನಗುವಿನ ಹಿಂದೆ ಒಂದು ಮನೆಯ ದೀಪ ಆರುವುದು ತಪ್ಪಿತ್ತು ಎಂಬುದನ್ನು ಮರೆಯಬಾರದು.

ಟಿಟ್ಟಿಭ ನೆಲದ ಮೇಲೆ ಬದುಕುವ ಹಕ್ಕಿ. ಮನುಷ್ಯರು, ನಾಯಿ, ನರಿ ಯಾರೇ ಹತ್ತಿರ ಬಂದರೂ, ಹಗಲಾಗಲಿ ರಾತ್ರಿಯಾಗಲಿ, ಗದ್ದಲ ಎಬ್ಬಿಸುವುದು ಅದರ ಸ್ವಭಾವ. ಅದು ನಮ್ಮವರನ್ನು ಉಳಿಸಬೇಕೆಂದು ಕೂಗಲಿಲ್ಲ, ತನ್ನ ಜಾಗಕ್ಕಾಗಿ ಕೂಗಿತು. ಆದರೂ ಅದರ ಕೂಗಿಗೆ ಕಿವಿ ಕೊಟ್ಟವರು ಇದ್ದದ್ದರಿಂದ ಒಂದು ಜೀವ ಉಳಿಯಿತು. ಕಿವಿ ಕೊಡುವುದು ಎಂಬ ಈ ಮಾತೇ ನಮ್ಮ ಇಂದಿನ ಭಾಷಣದ ತಿರುಳು.

ಇನ್ನು ಎಳ್ಳ ಅಮಾಸಿ. ಇದು ನಮ್ಮ ಬೀದರ, ಕಲಬುರಗಿ ಸೀಮೆಯ ದೊಡ್ಡ ಹೊಲದ ಹಬ್ಬ. ಜೋಳದ ದಂಟಿನ ಕೊಂಪಿ ಕಟ್ಟಿ, ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಂಡು, ಬೆಳೆಗೆ ಚರಗ ಚೆಲ್ಲುವ ದಿನ. ಹೈದರಾಬಾದು, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರೂ ಅಂದು ಊರಿಗೆ ಬರುತ್ತಾರೆ. ಫಜೀತಿಗಳೂ ಅಂದೇ ಹೆಚ್ಚು! ಮರದ ಕೆಳಗೆ ಒಲೆ ಹೂಡಿ, ಹೊಗೆ ಮೇಲಕ್ಕೇರಿ, ಹೆಜ್ಜೇನು ಎದ್ದು ಬಂದು, ನೈವೇದ್ಯದ ಬುಟ್ಟಿ ಒಂದು ಕಡೆ, ಬೀಗರು ಇನ್ನೊಂದು ಕಡೆ ಓಡಿದ್ದನ್ನು ಕಂಡವರು ನಮ್ಮಲ್ಲಿದ್ದಾರೆ. ಒಲೆ ಹೂಡುವ ಮುಂಚೆ ಮರದ ಮೇಲೆ ಕಣ್ಣು ಹಾಯಿಸುವುದು ಒಳ್ಳೆಯದು. ಹುಳ ಎದ್ದರೆ ಕೈ ಬೀಸಬಾರದು, ಮುಖಕ್ಕೆ ಕಂಬಳಿ ಮುಚ್ಚಿಕೊಂಡು ದೂರ ಸರಿಯಬೇಕು. ಬಹಳ ಹುಳ ಕಡಿದಿದ್ದರೆ ತಡ ಮಾಡದೆ ದವಾಖಾನೆಗೆ ಒಯ್ಯಬೇಕು.

ಅದೇ ಎಳ್ಳ ಅಮಾಸಿಯ ದಿನ, ಮರದ ಮೇಲೆ ಜೇನು ಹುಡುಕಲು ಹೋದ ಕಣ್ಣಿಗೆ ಬೇರೆ ಏನೇನೋ ಕಾಣುತ್ತದೆ. ತಂತಿಯ ಮೇಲೆ ನೀಲಕಂಠ ಕುಳಿತಿರುತ್ತದೆ. ಕಾಜಾಣ ಕಡಲಿ ಹೊಲದ ಮೇಲಿಂದ ಹಾರಿ ಹುಳ ಹಿಡಿದು ಮತ್ತೆ ಅದೇ ಕೋಲಿನ ಮೇಲೆ ಬಂದು ಕೂರುತ್ತದೆ. ನೆಲಕ್ಕೆ ಒಂದಾಳೆತ್ತರದಲ್ಲಿ, ರೆಕ್ಕೆ ಬಡಿಯದೆ ತೇಲಿಕೊಂಡು ಹೋಗುವ ಹದ್ದಿನಂಥ ಹಕ್ಕಿ ಸೆಳೆವ. ಅದು ನಮ್ಮ ಊರಿನದಲ್ಲ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲ ಕಳೆಯಲು ಬಂದ ಬೀಗರು. ಸಂಜೆ ಇಂಥ ಹಕ್ಕಿಗಳು ಹಿಂಡು ಹಿಂಡಾಗಿ ಬೀಳು ಹೊಲದ ಹುಲ್ಲಿನೊಳಗೆ ನೆಲದ ಮೇಲೇ ಮಲಗುತ್ತವೆ. ತಪ್ಪಿಸಿಕೊಂಡ ಆಡಿನ ಮರಿ ಹುಡುಕುತ್ತ ಮಬ್ಬುಗತ್ತಲಲ್ಲಿ ಹುಲ್ಲಿಗೆ ಕಾಲಿಟ್ಟು, ಕಾಲ ಬುಡದಿಂದ ಐದಾರು ದೊಡ್ಡ ರೆಕ್ಕೆಗಳು ಒಮ್ಮೆಲೇ ಎದ್ದಾಗ ಎದೆ ಧಸಕ್ಕಂದದ್ದನ್ನು ಕುರಿ ಕಾಯುವವರು ಹೇಳಿದ್ದನ್ನು ನಾವು ಕೇಳಿದ್ದೇವೆ.

ರಾತ್ರಿಯ ಬಂಡಿ ಹಾದಿಯ ಕಥೆಯೂ ಹೀಗೇ. ಹಾದಿಯ ನಡುವೆ ಎರಡು ಕೆಂಪು ಕೆಂಡ ಹೊಳೆಯುತ್ತವೆ. ಹತ್ತಿರ ಹೋದರೆ ಸದ್ದಿಲ್ಲದೆ ಮಾಯ. ಎತ್ತು ಬೆದರಿ ಬಂಡಿ ಬದುವಿನ ಮೇಲೆ ಹತ್ತಿದ್ದುಂಟು. ದೆವ್ವ ಅಂತ ಹೇಳಿ ಆ ಹಾದಿಯನ್ನೇ ಬಿಟ್ಟವರುಂಟು. ಅದು ನತ್ತಿಂಗ ಎಂಬ ಹಕ್ಕಿ. ಹಗಲೆಲ್ಲ ಒಣ ಎಲೆಯಂತೆ ನೆಲಕ್ಕೆ ಅಂಟಿಕೊಂಡಿದ್ದು, ರಾತ್ರಿ ಬೆಚ್ಚಗಿನ ಮಣ್ಣು ಹಾದಿಯ ಮೇಲೆ ಕುಳಿತು ಹುಳ ಹಿಡಿಯುತ್ತದೆ. ಬೆಳಕು ಬಿದ್ದರೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ದೆವ್ವ ಹಾರಿ ಹೋಯಿತು, ಹಕ್ಕಿ ಉಳಿಯಿತು!

ಆದರೆ ಎಲ್ಲ ಭೂತಗಳ ಕಥೆ ಹೀಗೆ ಸುಖವಾಗಿ ಮುಗಿದಿಲ್ಲ. ಎರೆಭೂತ ಎಂಬ ಹೆಸರನ್ನು ಹಿರಿಯರು ಕೇಳಿದ್ದೀರಿ. ಎರೆ ಅಂದರೆ ಕಪ್ಪು ಮಣ್ಣಿನ ಹೊಲ. ಮಂಜು ಮುಸುಕಿದ ಮುಂಜಾನೆ ಆ ಹೊಲದ ನಡುವೆ ಒಂದು ಮೀಟರ್ ಎತ್ತರದ, ಬಿಳಿ ಕುತ್ತಿಗೆಯ, ಕಪ್ಪು ಟೋಪಿಯ ಆಕಾರ ಅಲುಗದೆ ನಿಂತಿದ್ದರೆ ಭೂತ ಅನ್ನದೆ ಏನನ್ನಬೇಕು? ಗಂಡು ಹಕ್ಕಿ ಹದಿನೈದು ಕಿಲೋ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವು ಮಾತ್ರ. ಮರಾಠಿಯಲ್ಲಿ ಇದಕ್ಕೆ ಮಾಳಢೋಕ ಎಂದು ಹೆಸರು. ನಮ್ಮ ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಹೋದರೆ ಸಿಗುವ ಸೋಲಾಪುರದ ಹತ್ತಿರ ನಾನ್ನಜ್ ಎಂಬಲ್ಲಿ 1979ರಲ್ಲಿ ಇದಕ್ಕಾಗಿಯೇ ಅಭಯಾರಣ್ಯ ಮಾಡಿದರು. ಈಗ ಅಲ್ಲಿಯೂ ಅದು ಕಾಣುವುದು ಬಹು ಅಪರೂಪ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದ್ದವು. ಹುಲ್ಲುಗಾವಲು ಹೋಯಿತು, ಬೇಟೆ ಆಯಿತು, ಮೇಲಿನಿಂದ ವಿದ್ಯುತ್ ತಂತಿಗಳು ಬಂದವು. ಭಾರದ ಹಕ್ಕಿ, ಎದುರಿನದು ಸರಿಯಾಗಿ ಕಾಣದ ಕಣ್ಣು, ತಂತಿಗೆ ಬಡಿದು ಸಾಯುತ್ತದೆ.

ಇಲ್ಲೊಂದು ವಿಚಾರ ಮಾಡಬೇಕು. ಎರೆಭೂತ ಎಂಬ ಹೆಸರು ಕನ್ನಡದಲ್ಲಿ ಉಳಿದಿದೆ, ಅಂದ ಮ್ಯಾಲೆ ನಮ್ಮ ಹಿರಿಯರು ಅದನ್ನು ಕಂಡದ್ದು ಖರೆ. ಯಾವ ಊರಿನ ಯಾವ ಹೊಲದಲ್ಲಿ, ಯಾವ ವರ್ಷ ಕಡೆಯ ಸಲ ಕಂಡರು? ಬರೆದಿಟ್ಟವರಿಲ್ಲ. ಕಂಡವರು ಹೋದರು, ಹೆಸರು ಉಳಿಯಿತು, ದಿನಾಂಕ ಹೋಯಿತು. ದಿನಾಂಕ ಇಲ್ಲದ ಮಾತು ಕಾಗದ ಇಲ್ಲದ ಸಾಲದ ಹಾಗೆ. ಕೊಟ್ಟದ್ದು ನಿಜವಾದರೂ ಕೇಳಲಿಕ್ಕೆ ಬರುವುದಿಲ್ಲ. ಸಂಘದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ನಮ್ಮ ಬೀದರ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931-32ರಲ್ಲಿ, ಡಾ. ಸಲೀಂ ಅಲಿಯವರು ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆ ವರದಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ತೊಂಬತ್ತು ವರ್ಷ ದಾಟಿದರೂ ವಿದ್ವಾಂಸರು ಅದನ್ನು ತೆರೆದು ನೋಡುತ್ತಾರೆ. ಆಗ ಏನಿತ್ತು, ಈಗ ಏನಿದೆ ಎಂದು ಹೋಲಿಸಲು ಬರುವುದು ಅದು ಬರಹದಲ್ಲಿ ಇರುವುದರಿಂದ.

ವಿದ್ವಾಂಸರು ಮಾತ್ರ ಹಕ್ಕಿ ನೋಡಬಲ್ಲರು, ನಾವು ಹಳ್ಳಿ ಮಂದಿ ಏನು ಬಲ್ಲೆವು ಎಂದು ಯಾರೂ ಹಿಂಜರಿಯಬೇಕಾಗಿಲ್ಲ. ನೆರೆಯ ಆಂಧ್ರದ ಕಡಪಾ ಜಿಲ್ಲೆಯ ಸಂಗತಿ ಕೇಳಿ. ತೆಲುಗಿನಲ್ಲಿ ಕಲಿವಿ ಕೋಡಿ ಎನ್ನುವ, ಪುಸ್ತಕದಲ್ಲಿ ಜರ್ಡನ್ ಕೋರ್ಸರ್ ಎನ್ನುವ ಹಕ್ಕಿಯೊಂದು 1900ರ ನಂತರ ಯಾರ ಕಣ್ಣಿಗೂ ಬಿದ್ದ ದಾಖಲೆ ಇರಲಿಲ್ಲ. ಅದು ನಶಿಸಿ ಹೋಯಿತೆಂದೇ ಲೋಕ ನಂಬಿತ್ತು. ಮುಂಬಯಿಯ ಅದೇ ನಿಸರ್ಗ ಚರಿತ್ರೆ ಸಂಘದವರು ಹಕ್ಕಿಯ ಚಿತ್ರ ಹಿಡಿದು ಊರೂರು ತಿರುಗಿ ಹಳ್ಳಿ ಜನರನ್ನು ಕೇಳಿದರು. 1986ರ ಜನವರಿಯ ಒಂದು ಚಳಿ ರಾತ್ರಿ, ರೆಡ್ಡಿಪಲ್ಲಿಯ ಹತ್ತಿರ ಐತಣ್ಣ ಎಂಬ ಹಳ್ಳಿಯ ಬೇಟೆಗಾರನ ಬ್ಯಾಟರಿ ಬೆಳಕಿಗೆ ಆ ಹಕ್ಕಿ ಸಿಕ್ಕಿತು. ಎಂಬತ್ತಾರು ವರ್ಷ ಪಂಡಿತರಿಗೆ ಕಾಣದ್ದು ಐತಣ್ಣನಿಗೆ ಕಂಡಿತು! ಆ ಒಂದು ನೋಟದಿಂದ ಒಂದು ನೀರಾವರಿ ಕಾಲುವೆಯ ದಿಕ್ಕನ್ನೇ ಮುಂದೆ ಬದಲಿಸಬೇಕಾಯಿತು, ಆ ಹಕ್ಕಿಯ ನೆಲೆಯನ್ನು ಅಭಯಾರಣ್ಯ ಮಾಡಿದರು. ನಮ್ಮ ಹೊಲದಲ್ಲಿ ನೀರು ಹಾಯಿಸುವವರ ಕೈಯಲ್ಲಿಯೂ ಅಂಥದೇ ಬ್ಯಾಟರಿ ಇದೆ ಎಂಬುದನ್ನು ನೆನಪಿಡೋಣ.

ಈಗ ನಷ್ಟದ ಮಾತು. ಹಕ್ಕಿ ಅಂದರೆ ಬರೀ ಚಂದ ಅಲ್ಲ, ಬೆಳೆ ತಿನ್ನುತ್ತಾವ ಅನ್ನುವುದನ್ನು ಮುಚ್ಚಿಡಬಾರದು. ಜೋಳ ಹಾಲು ತುಂಬಿದಾಗ ಗುಲಾಬಿ ಕಬ್ಬಕ್ಕಿಗಳ ಹಿಂಡು ಮೋಡದ ಹಾಗೆ ಇಳಿಯುತ್ತದೆ. ಮಂಚಿಗಿ ಮೇಲೆ ನಿಂತು ಕವಣಿ ಬೀಸಿ, ಡಬ್ಬಿ ಬಡಿದು ನಮ್ಮ ತಾಯಂದಿರ, ಮಕ್ಕಳ ಗಂಟಲು ಕಟ್ಟುತ್ತದೆ. ಕರ್ಕರ ಕೊಕ್ಕರೆಗಳು ಮಂಗೋಲಿಯಾ, ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬಂದು, ಕಡಲಿ ಶೇಂಗಾ ಹೊಲಕ್ಕೆ ಇಳಿದರೆ ರೈತನ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಪುಸ್ತಕದ ಎರಡನೆಯ ಪುಟವನ್ನೂ ಓದಬೇಕು. ಅದೇ ಗುಲಾಬಿ ಕಬ್ಬಕ್ಕಿಯ ನೆಚ್ಚಿನ ಆಹಾರ ಮಿಡತೆ. ಚೀನಾ ದೇಶದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆ ಕಾಟ ತಡೆಯಲು ಈ ಹಕ್ಕಿಗಳಿಗೆ ಕಲ್ಲಿನ ಗೂಡುಗಳನ್ನು ಕಟ್ಟಿ ಕರೆಯುತ್ತಾರೆ. ರಾಜಸ್ಥಾನದ ಖೀಚನ್ ಎಂಬ ಹಳ್ಳಿಯವರು ಕರ್ಕರ ಕೊಕ್ಕರೆಗಳಿಗೆ ಪ್ರತಿ ಚಳಿಗಾಲ ಊರಿನ ಕಾಳು ಚೆಲ್ಲುತ್ತ ಬಂದರು. ಈಗ ಅಲ್ಲಿ ಸಾವಿರಾರು ಹಕ್ಕಿಗಳು ಇಳಿಯುತ್ತವೆ, ನೋಡಲು ದೇಶ ವಿದೇಶದವರು ಬರುತ್ತಾರೆ. 2025ರಲ್ಲಿ ಖೀಚನ್ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ರಾಜ್ಯದಲ್ಲೇ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅದು 2024ರಲ್ಲಿ ಆ ಪಟ್ಟಿಗೆ ಸೇರಿತು. ಭಾರತದ ಮೊದಲ ಸಹಕಾರ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳವೂ ಅದೇ ಗದಗ ಜಿಲ್ಲೆಯಲ್ಲಿದೆ. ಸಿದ್ದನಗೌಡ ಪಾಟೀಲರು ಹಾಕಿದ ಬೀಜ ಅದು, ಅದರ ಒಂದು ಕಾಳು ನಮ್ಮ ಸಂಘ.

ಹೆಬ್ಬಾತು ಹಿಮಾಲಯ ದಾಟುವ ಹಕ್ಕಿ. ಅದರ ಬೆನ್ನಿಗೆ ಯಂತ್ರ ಕಟ್ಟಿ ನೋಡಿದ ವಿಜ್ಞಾನಿಗಳಿಗೆ ಅದು 7000 ಮೀಟರಿಗೂ ಮೇಲೆ ಹಾರಿದ ದಾಖಲೆ ಸಿಕ್ಕಿದೆ. ಅಷ್ಟು ಎತ್ತರ ದಾಟಿ ಬಂದ ಜೀವ ನಮ್ಮ ಸೀಮೆಯ ಕೆರೆಗಳಲ್ಲಿ, ಜಲಾಶಯಗಳ ಹಿನ್ನೀರಿನಲ್ಲಿ ವಿಷದ ಕಾಳಿಗೋ ನೈಲಾನ್ ಬಲೆಗೋ ಸಿಕ್ಕು ಸತ್ತರೆ ಅದು ಅತಿಥಿಗೆ ಮಾಡಿದ ದ್ರೋಹ. ಚರಗ ಚೆಲ್ಲುವ ಕೈ ವಿಷ ಚೆಲ್ಲಬಾರದು.

ಕೀಟನಾಶಕ ಮಾರುವುದು ಸಂಘದ ಅಂಗಡಿಯೇ ಅಲ್ಲವೇ ಎಂದು ಕೇಳಬಹುದು. ಹೌದು, ಅದಕ್ಕೇ ಈ ಮಾತನ್ನು ಇಲ್ಲಿ ಹೇಳುತ್ತಿದ್ದೇವೆ. 1995-96ರಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ಮಿಡತೆಗೆಂದು ಮೊನೊಕ್ರೊಟೊಫಾಸ್ ಹೊಡೆದ ಹೊಲಗಳಲ್ಲಿ ಸಾವಿರಾರು ಗಿಡುಗಗಳು ಸತ್ತು ಬಿದ್ದವು. ಅವು ಮಿಡತೆ ತಿಂದು ರೈತನಿಗೆ ಪುಕ್ಕಟೆ ದುಡಿಯುತ್ತಿದ್ದ ಹಕ್ಕಿಗಳೇ. ಕಡಲಿಯ ಕಾಯಿಕೊರಕಕ್ಕೆ ಔಷಧ ಹೊಡೆಯುವ ಮುಂಚೆ ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಡಿರಿ ಎಂದು ಕೃಷಿ ಇಲಾಖೆಯವರು ಹೇಳುತ್ತ ಬಂದಿದ್ದಾರೆ. ಕಡಲಿಯ ನಡುವೆ ಒಂದಿಷ್ಟು ಜೋಳದ ಕಾಳು ಚೆಲ್ಲಿದರೆ ಆ ದಂಟೇ ಹಕ್ಕಿಗೆ ಪೀಠ. ಕಾಜಾಣ, ಗೊರವಂಕ, ನೀಲಕಂಠ ಅಲ್ಲಿ ಕೂತು ಹುಳ ಆರಿಸುತ್ತವೆ. ಕೋಲಿಗೆ ಖರ್ಚಿಲ್ಲ, ಹಕ್ಕಿಗೆ ಕೂಲಿ ಇಲ್ಲ, ಸಾಲದ ಅರ್ಜಿಯೂ ಬೇಕಾಗಿಲ್ಲ!

ಈಗ ನಮ್ಮ ಸೂಚನೆಯನ್ನು ಸಭೆಯ ಮುಂದಿಡುತ್ತೇವೆ. ಸಂಘದ ಕಚೇರಿಯಲ್ಲಿ ಎಷ್ಟೋ ವಹಿಗಳಿವೆ. ಬೆಳ್ಳಿ ಹಬ್ಬದ ನೆನಪಿಗೆ ಇನ್ನೊಂದು ವಹಿ ತೆರೆಯಬೇಕು. ಅದರಲ್ಲಿ ಎರಡು ಕಲಂ ಸಾಕು. ಒಂದರಲ್ಲಿ ಫಜೀತಿ: ಯಾವ ಬಾವಿಗೆ ಕಟ್ಟೆ ಇಲ್ಲ, ಯಾವ ಹಾದಿಯಲ್ಲಿ ರಾತ್ರಿ ಹಾವು ಕಂಡಿತು, ಯಾವ ತಿರುವಿನಲ್ಲಿ ಹಿಂದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರು ಮಂಜಿನಾಗ ಕಾಣದೆ ಅಪಘಾತ ತಪ್ಪಿತು. ಇನ್ನೊಂದರಲ್ಲಿ ಹಕ್ಕಿ: ಯಾವ ದಿನ, ಯಾವ ಹೊಲ ಅಥವಾ ಕೆರೆ, ಎಷ್ಟು ಹಕ್ಕಿ, ಹೇಗಿದ್ದವು. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಿರಿ, ಕೂಗು ಬರೆಯಿರಿ. ಶಾಲೆಯ ಮಕ್ಕಳು ಮೊಬೈಲಿನಲ್ಲಿ ಹೆಸರು ಹುಡುಕಿಕೊಡುತ್ತಾರೆ. ಪ್ರತಿ ಜನವರಿಯಲ್ಲಿ ಏಷ್ಯಾ ಖಂಡದ ದೇಶಗಳಲ್ಲಿ ನೀರು ಹಕ್ಕಿಗಳ ಎಣಿಕೆ ನಡೆಯುತ್ತದೆ. ನಮ್ಮ ಕೆರೆಯ ಲೆಕ್ಕವೂ ಅಲ್ಲಿಗೆ ಹೋಗಲಿ.

ಮೊದಲನೆಯ ಕಲಂ ತುಂಬಿದಂತೆಲ್ಲ ಕೆಲಸವೂ ಆಗಬೇಕು. ಕಟ್ಟೆ ಇಲ್ಲದ ಬಾವಿಗಳಿಗೆ ಕಟ್ಟೆ, ಟ್ರ್ಯಾಕ್ಟರುಗಳ ಹಿಂದೆ ಹೊಳೆಯುವ ಪಟ್ಟಿ, ರಾತ್ರಿ ನೀರಿಗೆ ಹೋಗುವವರಿಗೆ ಉದ್ದ ಬೂಟು, ಒಬ್ಬಂಟಿ ಹೋಗದೆ ಮಗ್ಗುಲ ಹೊಲದವರಿಗೆ ಹೇಳಿ ಹೋಗುವ ರೂಢಿ. ಜೋಳದ ಕಣಿಕಿ ಬಣವಿಯಲ್ಲಿ ಕೊಳಕುಮಂಡಲ ಥಂಡಿಗೆ ಮುದುಡಿ ಮಲಗಿರುತ್ತದೆ, ಬರಿಗೈ ಹಾಕಬಾರದು. ಹಾವು ಕಡಿದರೆ ಕೊಯ್ಯಬಾರದು, ಬಿಗಿದು ಕಟ್ಟಬಾರದು, ಮಂತ್ರಕ್ಕೆ ಕೂರಬಾರದು, ನೇರ ದವಾಖಾನೆ. 2003ರಲ್ಲಿ ಸಹಕಾರಿ ಸದಸ್ಯರಿಗೆಂದೇ ಬಂದ ಯಶಸ್ವಿನಿ ಯೋಜನೆಯ ಪಟ್ಟಿಯಲ್ಲಿ ಹಾವು ಕಡಿತ, ನೀರಿಗೆ ಬೀಳುವುದು, ಎತ್ತು ಇರಿಯುವುದು ಇದ್ದವು. 2018ರಲ್ಲಿ ನಿಂತಿದ್ದ ಆ ಯೋಜನೆ 2022-23ರಲ್ಲಿ ಮತ್ತೆ ಆರಂಭವಾಗಿದೆ. ಸದಸ್ಯರು ಹೆಸರು ನೋಂದಾಯಿಸಿ, ಯಾವ ಯಾವ ಚಿಕಿತ್ಸೆಗೆ ಅನ್ವಯಿಸುತ್ತದೆ ಎಂಬುದನ್ನು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಎರಡು ಕಲಂ ಒಂದೇ ವಹಿಯಲ್ಲಿ ಯಾಕೆ ಎಂದರೆ, ಎರಡಕ್ಕೂ ಬೇಕಾದದ್ದು ಒಂದೇ ಗುಣ. ಸುತ್ತ ಏನು ನಡೆದಿದೆ ಎಂದು ಕಣ್ಣು ತೆರೆದು ನೋಡುವುದು, ಕಿವಿ ಕೊಟ್ಟು ಕೇಳುವುದು, ಕಂಡದ್ದನ್ನು ನಾಲ್ಕು ಮಂದಿಗೆ ಹೇಳುವುದು. ಟಿಟ್ಟಿಭದ ಕೂಗಿಗೆ ಎದ್ದು ಬಂದವರು ಹಕ್ಕಿ ಶಾಸ್ತ್ರ ಓದಿದವರಲ್ಲ. ಮಗ್ಗುಲ ಹೊಲದಲ್ಲಿ ಏನೋ ಸರಿ ಇಲ್ಲ ಅನ್ನಿಸಿ ಹಾಸಿಗೆ ಬಿಟ್ಟು ಎದ್ದವರು. ಎಲ್ಲರಿಗಾಗಿ ತಾನು, ತನಗಾಗಿ ಎಲ್ಲರು ಎಂಬ ಸಹಕಾರದ ಮಾತನ್ನು ಗೋಡೆಯ ಮೇಲೆ ಬರೆಯುವುದು ಸುಲಭ. ಥಂಡಿ ರಾತ್ರಿ ಕಂಬಳಿ ಸರಿಸಿ ಏಳುವುದು ಕಠಿಣ. ಅಂಥವರು ಈ ಊರಿನಲ್ಲಿ ಇದ್ದಾರೆಂಬುದೇ ನಮ್ಮ ಸಂಘದ ನಿಜವಾದ ಬಂಡವಾಳ.

ಹನಿ ಹನಿ ಕೂಡಿ ಹಳ್ಳ, ತೆನೆ ತೆನೆ ಕೂಡಿ ಬಳ್ಳ. ಸಾಲು ಸಾಲು ಕೂಡಿ ಈ ವಹಿ ತುಂಬಲಿ. ಸುವರ್ಣ ಮಹೋತ್ಸವದ ದಿನ ನಮ್ಮ ಮಕ್ಕಳು ಅದನ್ನು ತೆರೆದು, ಇಂಥ ವರ್ಷ ಇಂಥ ಹೊಲದಲ್ಲಿ ಇಂಥ ಹಕ್ಕಿ ಇತ್ತು ಎಂದು ದಿನಾಂಕ ಸಹಿತ ಓದಲಿ. ಆ ಹಕ್ಕಿ ಆಗಲೂ ಬರುತ್ತಿರಲಿ. ಫಜೀತಿಯ ಕಲಂ ಮಾತ್ರ ಆ ಹೊತ್ತಿಗೆ ಖಾಲಿಯಾಗಿರಲಿ.